ಮೂಗಿನ ಕಾವಲು

ಪ್ರೀತಿಯ ದ್ರಾಕ್ಷಾಯಿಣಿ ಅಕ್ಕನಿಗೆ,

ಓದಲು ನೀನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈ ಸುದ್ದಿಯನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ನಿನ್ನ ಮೂಗೆಂದರೆ ಇಡೀ ಆನೆಗೊಂದಿಗೇ ಹೆಸರುವಾಸಿ. ಓಣಿಯಲ್ಲಿ ಯಾರ ಮನೆಯ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹೆಚ್ಚಾಯಿತು, ಮುಚ್ಚಿಟ್ಟ ಬಾಳೆಗೊನೆ ನಾಳೆ ಹಣ್ಣಾಗುತ್ತದೋ ನಾಡಿದ್ದೋ, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತೇ ಹೇಳುತ್ತಿದ್ದೆ. "ಇಕಿ ಮೂಗಿಗೆ ಹೆದರಿ ಬೆಕ್ಕು ಸೈತ ನಮ್ಮ ಮನಿಗೆ ಬರಂಗಿಲ್ಲ" ಎಂದು ನಿನ್ನತ್ತೆ ಕಸ್ತೂರೆಮ್ಮ ನಗುತ್ತಿದ್ದರು. ಅಂಥ ಮೂಗನ್ನು ಕರೋನಾ ಜ್ವರ ಕಿತ್ತುಕೊಂಡಿತು. ಜ್ವರ ಇಳಿಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ.

ನಾಚಿಕೆಯೋ ಬಿಗುಮಾನವೋ, ನೀನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಒಂಬತ್ತು ವರ್ಷದ ಮಗಳು ರೂಪಾಳನ್ನು ಮಾತ್ರ ಗುಟ್ಟಿಗೆ ಸೇರಿಸಿಕೊಂಡೆ. "ಮೂಸಿ ನೋಡವ್ವ, ಹಾಲು ಕೆಟ್ಟಾವೇನು? ಪಲ್ಯ ತಳಾ ಹತ್ತೈತೇನು?" ಅವಳು ನಿನ್ನ ಸೆರಗು ಹಿಡಿದು ನಿಂತು ಕಿವಿಯಲ್ಲಿ ಉತ್ತರ ಹೇಳುತ್ತಿದ್ದಳಂತೆ.

ಆ ಬೆಳಗ್ಗೆ ನೀನು ಅವಳನ್ನು ಎಬ್ಬಿಸಲಿಲ್ಲ. ಹಿಂದಿನ ದಿನ ಮಳೆಯಲ್ಲಿ ನೆನೆದು ಬಂದು ಕೆಮ್ಮುತ್ತಿದ್ದಳು, ಮಲಗಲಿ ಅಂದುಕೊಂಡೆ. ಗ್ಯಾಸ್ ಒಲೆಯಾದರೇನು, ಪೂಜೆ ಮಾಡದೆ ಒಲೆ ಹಚ್ಚುವವಳಲ್ಲ ನೀನು. ಪೈಪು ಬಿರಿದು ಸೋರಿದ ಗ್ಯಾಸು ನೆಲದ ತುಂಬ ಹರಡಿತ್ತು. ಒಲೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಲು ಕಡ್ಡಿ ಗೀರಿದೆ. ಮುಂದಿನದನ್ನು ಬರೆಯಲಾರೆ, ಅಕ್ಕಾ.

ನಿನ್ನನ್ನು ಮಣ್ಣು ಮಾಡಿ ಬಂದ ದಿನ ರೂಪಾ ನನ್ನ ಕುತ್ತಿಗೆಗೆ ಜೋತುಬಿದ್ದು ಅಂದಳು: "ಚಿಗವ್ವ, ನಾ ಎದ್ದಿದ್ರ ಅವ್ವಗ ಹೇಳ್ತಿದ್ದೆ." ಎಲ್ಲರಿಗೂ ನಿನ್ನ ಗುಟ್ಟು ತಿಳಿದದ್ದು ಆಗಲೇ. ಅಂದಿನಿಂದ ಆ ಕೂಸು ಕೋಳಿ ಕೂಗುವ ಮೊದಲೇ ಎದ್ದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮೂಸುತ್ತಿತ್ತು. ಒಲೆ, ಪೈಪು ಎಲ್ಲ ಹೊಸದು ತಂದರೂ ಬಿಡಲಿಲ್ಲ. ನಿನ್ನ ಯಜಮಾನರು ಗಾಳೇಶ ಮಾವ ಬೈದು ನೋಡಿದರು, ಅತ್ತು ನೋಡಿದರು. ಶಾಲೆಯಲ್ಲಿ ಬೆಂಚಿನ ಮೇಲೇ ತೂಕಡಿಸುತ್ತಿದ್ದಳು.

ಧಾರವಾಡದ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸ ನಿನಗೊಂದು ತಮಾಷೆಯಾಗಿತ್ತು. "ಪುಡಿ ಕುಟ್ಟಾಕ ಇಷ್ಟೆಲ್ಲಾ ಓದಬೇಕೇನ?" ಎನ್ನುತ್ತಿದ್ದೆ. ಆ ಪುಡಿ ತವರದ ಆಕ್ಸೈಡು. ನ್ಯಾನೋ ಅಳತೆಯ ಕಣಗಳು, ಕಣ್ಣಿಗೆ ಕಾಣುವಂಥವಲ್ಲ. ಗ್ಯಾಸು ತಾಗಿದೊಡನೆ ಅದರಲ್ಲಿ ವಿದ್ಯುತ್ತು ಹರಿಯುವ ರೀತಿ ಬದಲಾಗುತ್ತದೆ, ಅದನ್ನು ಅಳವಡಿಸಿದ ಪುಟ್ಟ ಯಂತ್ರದ ಗಂಟೆ ಕೂಗುತ್ತದೆ. ಮೊದಮೊದಲು ಊದಿನಕಡ್ಡಿಯ ಹೊಗೆಗೂ ಬೊಬ್ಬೆ ಹೊಡೆದು ನನ್ನ ಜೀವ ತಿಂದಿತು. ಹೊಗೆ ಯಾವುದು, ಗ್ಯಾಸು ಯಾವುದು ಎಂದು ಅದಕ್ಕೆ ಕಲಿಸುವಷ್ಟರಲ್ಲಿ ವರ್ಷಗಳೇ ಹೋದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನನ್ನದೂ ಹಾಗೇ ಆಯಿತು.

ನಿನ್ನೆ ಆ ಯಂತ್ರವನ್ನು ನಿಮ್ಮ ಅಡುಗೆಮನೆಯ ಗೋಡೆಗೆ, ನೆಲದಿಂದ ಗೇಣೆತ್ತರದಲ್ಲಿ ಕೂರಿಸಿದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ಉಳಿಯುತ್ತದೆ. ಊದಿನಕಡ್ಡಿ ಹಿಡಿದೆ, ಸುಮ್ಮನಿತ್ತು. ಕಡ್ಡಿ ಆರಿಸಿ, ಸಿಗರೇಟ್ ಲೈಟರನ್ನು ಹೊತ್ತಿಸದೆ ಅದರ ಗ್ಯಾಸನ್ನಷ್ಟೇ ಬಿಟ್ಟೆ. ಮನೆಯೆಲ್ಲ ಕೇಳುವಂತೆ ಕೂಗಿತು. ಕಸ್ತೂರೆಮ್ಮ ಕೈಮುಗಿದರು. ರೂಪಾ ಮಾತ್ರ ಹತ್ತಿರ ಕುಳಿತು ಅದನ್ನೇ ದಿಟ್ಟಿಸುತ್ತಿದ್ದಳು.

"ಕರೆಂಟ್ ಹೋದ್ರ, ಚಿಗವ್ವ?"

"ಬ್ಯಾಟರಿ ಐತವ್ವ."

"ಇದಕ್ಕ ನಿದ್ದಿ ಹತ್ತಂಗಿಲ್ಲಲ್ಲ?"

"ಇಲ್ಲವ್ವ, ಹತ್ತಂಗಿಲ್ಲ."

ಅಕ್ಕಾ, ಈಗ ಬಿಸಿಲು ಅಂಗಳಕ್ಕೆ ಇಳಿದಿದೆ. ಕಸ್ತೂರೆಮ್ಮ ಪಾತ್ರೆಯ ಸದ್ದಾಗದಂತೆ ಅಡುಗೆ ಮಾಡುತ್ತಿದ್ದಾರೆ. ಈಗಷ್ಟೇ ಒಗ್ಗರಣೆ ಹಾಕಿದರು. ರೂಪಾ ಮೂಗು ಅರಳಿಸಿ, ಮಗ್ಗುಲು ಬದಲಿಸಿ, ಮತ್ತೆ ನಿದ್ದೆಹೋದಳು. ಅವಳ ಪಕ್ಕದಲ್ಲಿ ಕುಳಿತು ಅಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನೀನಿರುವಲ್ಲಿ ನಿನ್ನ ಮೂಗು ನಿನಗೆ ಮರಳಿ ಸಿಕ್ಕಿರಲಿ. ಮಗಳು ಮಲಗಿದ್ದಾಳೆ, ಇನ್ನು ನೀನೂ ನಿಶ್ಚಿಂತೆಯಿಂದ ಮಲಗು.

ನಿನ್ನ ತಂಗಿ,
ಲಲಿತಾ