ಅತ್ತೆಯ ಮಿಶ್ರಿ ಡಬ್ಬಿ

ಜನವರಿ 9, ಬೆಳಿಗ್ಗೆ 6
ಮೊದಲು ತವಾ. ತಂಬಾಕು ಕರ್ರಗೆ ಹುರಿದೆ, ಪುಡಿ ಮಾಡಿದೆ, ಡಬ್ಬಿ ತುಂಬಿದೆ. ಈ ಮಿಶ್ರಿಯಿಂದ ಹಲ್ಲು ತಿಕ್ಕದೆ ಅತ್ತೆಗೆ ಚಹಾ ಇಳಿಯುವುದಿಲ್ಲ.

ಅದೇ ದಿನ, ಸಂಜೆ
ಮಿರಜದ ಆಸ್ಪತ್ರೆಗೆ ಹೋಗಿ ಬಂದೆವು. ಅತ್ತೆಯ ಸೊಂಟದ ಹತ್ತಿರ ಬೆನ್ನೆಲುಬಿನ ಮಣಿಯೊಂದು ಜಾರಿದೆ. ಸ್ಕ್ರೂ, ರಾಡು ಹಾಕಿ, ಮೂಳೆ ಇಟ್ಟು ಬೆಸೆಯಬೇಕಂತೆ. ಡಾಕ್ಟರ್ ಕೇಳಿದರು, “ಏನಾರ ಚಟ ಅದ ಏನು? ಬೀಡಿ, ಗುಟ್ಕಾ?”
“ಇಶ್ಶಿ! ಮರ್ಯಾದಸ್ಥರ ಮನಿ ಹೆಂಗಸು ನಾ!”
ಡಬ್ಬಿ ನನ್ನ ಚೀಲದಲ್ಲೇ ಇತ್ತು. ನನಗೂ ಹೊಳೆಯಲಿಲ್ಲ. ಹಲ್ಲುಪುಡಿಗೆ ಯಾರು ಚಟ ಅಂತಾರೆ?

ಜನವರಿ 21
ಆಪರೇಷನ್ ಆಗಿ ಮೂರು ದಿನ. ಇವತ್ತು ವಾಕರ್ ಹಿಡಿದು ನಾಲ್ಕು ಹೆಜ್ಜೆ. ಅತ್ತೆ ಮಾತು ಕೊಟ್ಟರು— “ನಾ ಓಡ್ಯಾಡೋ ಹಂಗಾದ್ರ ಸಾಕು ಸುಲಭಾ. ಜೂನಿಂದ ನೀ ಬಾಲವಾಡಿ ಕೆಲಸಕ್ಕ ಹೋಗು. ಭಾಕರಿ ನಾ ಬಡೀತೀನಿ.”
ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅವರ ಕಾಲೊತ್ತುವಾಗ ಬೇಸರ ಆಗಲಿಲ್ಲ.

ಫೆಬ್ರವರಿ 3
ಹೊಲಿಗೆ ಬಿಚ್ಚಿಸಿದೆವು. ಬಿಚ್ಚಿದ ಸಲೋಮಿ ಸಿಸ್ಟರ್ ಆಮೇಲೆ ನನ್ನನ್ನು ಹೊರಗೆ ಕರೆದಳು. “ಮುದುಕಿ ಹಲ್ಲು ನೋಡಿದೆ. ಮಿಶ್ರಿನೂ ತಂಬಾಕಲ್ಲೇನ? ಅದನ್ನ ತಿಕ್ಕಿದ್ರ ಮೂಳಿ ಕೂಡಂಗಿಲ್ಲ, ಸ್ಕ್ರೂ ಸಡಿಲಾಗ್ತಾವ. ಇವತ್ತೇ ಬಿಡಸು.”
ನಾಳೆ ಹೇಳುವೆ.

ಫೆಬ್ರವರಿ 4
ಹೇಳಲು ಹೋದೆ. ಬಾಗಿಲಲ್ಲೇ ಕೇಳಿಸಿತು. ಪಕ್ಕದ ಮನೆಯ ಕಲಾವತಿಬಾಯಿಗೆ ಅತ್ತೆ ನಗುತ್ತಾ— “ಅಕೀನ ಕೆಲಸಕ್ಕ ಕಳಸ್ತೀನೇನ? ಎತ್ತಿಗೆ ಹುಲ್ಲು ತೋರಿಸಿದ್ರ ಸಾಕು, ಗಾಡಿ ಎಳೀತದ. ತಿನಸಬೇಕಂತ ಏನೈತಿ?”
ಹಿಂದಕ್ಕೆ ಬಂದೆ. ತವಾ ಇಟ್ಟೆ. ದಿನದ ಎರಡು ಪಟ್ಟು ತಂಬಾಕು ಹುರಿದೆ. ಖುಷಿಯೇ ಆಯಿತು... ಬರೆದುಬಿಟ್ಟೆ, ಇರಲಿ.

ಜುಲೈ 18
ಎಕ್ಸ್‌ರೇ. ಮೂಳೆ ಕೂಡಿಲ್ಲ. ಎರಡು ಸ್ಕ್ರೂ ಸಡಿಲ. ಮತ್ತೆ ಕೊಯ್ಯಬೇಕು. ಗಂಡ ಗೋಡೆಗೆ ಹಣೆ ಒತ್ತಿ ನಿಂತರು. ನಾನು ಬಾಯಿಗೆ ಸೆರಗು ಹಿಡಿದೆ, ನೋಡುವವರಿಗಾಗಿ.

ಆಗಸ್ಟ್ 30
ಎರಡನೆಯ ಆಪರೇಷನ್ ಕೆಟ್ಟಿತು. ಕೀವು, ಜ್ವರ. ಎರಡೂ ಪಾದ ಎತ್ತಲಾಗುತ್ತಿಲ್ಲ. ಮೂತ್ರಕ್ಕೆ ನಳಿಗೆ. ಇನ್ನು ನಡೆಯುವುದು ಅನುಮಾನ ಅಂದರು ಡಾಕ್ಟರ್.
“ಅವ್ವನ್ನ ನೀ ಬಿಟ್ರ ಯಾರು ನೋಡ್ಬೇಕು? ಬಾಲವಾಡಿ ಮಾತು ಇನ್ನ ಎತ್ತಬ್ಯಾಡ,” ಅಂದರು ಗಂಡ.
ಎತ್ತುವುದು, ಹೊರಳಿಸುವುದು, ತೊಳೆಯುವುದು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ.

ಸೆಪ್ಟೆಂಬರ್ 14, ಬೆಳಿಗ್ಗೆ 6
ಅತ್ತೆಯ ಬೆನ್ನು ಒರೆಸುತ್ತಾ, ತಡೆಯಲಾಗದೆ ಅಂದೆ, “ಅತ್ತಿ, ಮಿಶ್ರಿ ಬಿಡಬೇಕಂತ. ಸಿಸ್ಟರ್ ಹೇಳಿದ್ಲು.”
“ಈಗ ಹೇಳ್ತಿ?” ಮುಖ ಗೋಡೆ ಕಡೆಗೇ ಇತ್ತು. “ಹೊಲಿಗಿ ಬಿಚ್ಚೋವಾಗ ನನಗ ಮೊದಲ ಹೇಳಿದ್ಲು ಅಕಿ. ನೀ ಹೇಳ್ತೀಯೇನಂತ ದಿನಾ ಕಾದೆ. ಒಂದು ಮಾತು ಹೇಳಿದ್ದರ ಬಿಡ್ತಿದ್ದೆ. ನೀ ಡಬ್ಬಿ ತುಂಬಿ ತುಂಬಿ ತಂದಿ.”
ಒರೆಸುವ ಬಟ್ಟೆ ಬಕೆಟ್ಟಿಗೆ ಬಿಟ್ಟೆ.
“ಮಗಗ ಹೇಳಂಗಿಲ್ಲ, ಹೆದರಬ್ಯಾಡ. ಹೇಳಿದ್ರ ಹೊರಗ ಹಾಕ್ತಾನ, ನೀ ಪಾರಾಗ್ತಿ. ನೀ ಇಲ್ಲೇ ಇರಬೇಕು, ನಾ ಇರೋ ತನಕ.” ಕೈ ಚಾಚಿದರು. “ತಾ, ಡಬ್ಬಿ.”
ಡಬ್ಬಿ ಖಾಲಿ. ತವಾ ಮೇಲೆ ತಂಬಾಕು ಹಾಕಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ನನ್ನ ಸೊಂಟವೂ ಹಿಡಿದಿದೆ. ನೋವು ಎಡಗಾಲಿಗೆ ಇಳಿಯುತ್ತಿದೆ, ಅತ್ತೆಗೆ ಶುರುವಾದಾಗಲೂ ಹೀಗೆಯೇ... ಕೂಗುತ್ತಿದ್ದಾರೆ. ಹೊರಳಿಸಬೇಕಂತೆ. ಏಳಲು ಆಗುತ್ತಿ—