ಯಮುನಕ್ಕನಿಗೊಂದು ಎಲೆ

ಬಂಟ್ವಾಳ
೨೮ ಜುಲೈ ೨೦೨೫, ಸೋಮವಾರ

ಪ್ರೀತಿಯ ತಮ್ಮ ಲತೇಶನಿಗೆ,

ಹೇಗಿದ್ದಿ? ಬೆನ್ನುನೋವು ಹೇಗುಂಟು? ಹೋಟೆಲಿನಲ್ಲಿ ದಿನವಿಡೀ ನಿಂತೇ ಇರಬೇಡ, ಕ್ಯಾಶಿನ ಹತ್ತಿರ ಒಳ್ಳೆಯ ಕುರ್ಚಿ ಹಾಕಿಸಿಕೊ ಎಂದು ಹೋದ ಸಲವೂ ಹೇಳಿದ್ದೆ. ನೀನು ಯಾರ ಮಾತು ಕೇಳಿದವ? ನಿನ್ನ ಮಗಳು ಸುರಕ್ಷಾ ನನ್ನ ಹತ್ತಿರ ಚೆನ್ನಾಗಿದ್ದಾಳೆ. ಬೆಳಗ್ಗೆ ಮೂಡುಬಿದಿರೆಯ ಬಸ್ಸು ಹಿಡಿದು ಕಾಲೇಜಿಗೆ ಪಾಠ ಮಾಡಲು ಹೋಗುತ್ತಾಳೆ, ಸಂಜೆ ಬಂದು ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾಳೆ. ಈ ಕಾಗದವನ್ನೂ ಹಲಸಿನ ಹಪ್ಪಳವನ್ನೂ ನೆರೆಮನೆಯ ಫೈಝಲ್ ತರುತ್ತಾನೆ, ಬುಧವಾರ ಮಸ್ಕತ್ತಿಗೆ ಹೊರಟಿದ್ದಾನೆ. ಫೋನ್ ಇರುವಾಗ ಕಾಗದ ಎಂತಕ್ಕೆ ಎನ್ನಬೇಡ. ಫೋನಿನಲ್ಲಿ ನಮ್ಮ ದೊಡ್ಡಕ್ಕ ಯಮುನಕ್ಕನ ಹೆಸರೆತ್ತಿದ ಕೂಡಲೇ ನಿನಗೆ ನೆಟ್‌ವರ್ಕ್ ಹೋಗುತ್ತದೆ ಮಾರಾಯ.

ಸುರಕ್ಷಾಳ ಕಾಲೇಜಿನ ಫಿದಾ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಸಂಗ್ರಹ ಮಾಡುತ್ತಿದ್ದಾಳೆ. ನಲವತ್ತೈದು ವರ್ಷದ ಹಿಂದೆ ಒಬ್ಬ, ಬೊಂಬಾಯಿಯಲ್ಲಿ ಕೆಲಸ ಕೊಡಿಸುತ್ತೇನೆಂದು ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಹೋಗಿ ಘಾಟಿಯಲ್ಲಿ ಕೊಂದನಲ್ಲ, ಆ ಪ್ರಕರಣದ್ದು. ಹಳೆಯ ಪೇಪರು, ಕೋರ್ಟಿನ ಕಾಗದ, ಫೋಟೊ ಎಲ್ಲ ಮೊಬೈಲಿನಲ್ಲೇ ನೋಡಬಹುದು. ಕೊಂದವನ ಫೋಟೊ ಹಾಕುವುದಿಲ್ಲ, ಸತ್ತವರದ್ದು ಮಾತ್ರ ಹಾಕುವುದು ಎಂದು ಫಿದಾ ಹಟ ಹಿಡಿದಿದ್ದಾಳಂತೆ; ಅದನ್ನು ಕೇಳಿಯೇ ನನಗೆ ಅವಳ ಮೇಲೆ ಪ್ರೀತಿ ಬಂತು. ಬೆಳ್ತಂಗಡಿಯವಳು, ಕೊಕ್ಕಡದವಳು ಎಂದು ಪ್ರತಿಯೊಬ್ಬಳಿಗೂ ಒಂದು ಪುಟ, ಹೆಸರು, ಮನೆಯವರು ಹೇಳಿದ ಮಾತು ಉಂಟು. ಕೊನೆಯಲ್ಲಿ ‘ಗುರುತು ಸಿಗದವಳು’ ಎಂದು ಒಬ್ಬಳು. ಅವಳ ಮುಖ ಇಲ್ಲ, ಚೀಲದಲ್ಲಿ ಸಿಕ್ಕಿದ ಒಂದು ಕತ್ತರಿಯ ಫೋಟೊ ಮಾತ್ರ. ಬೀಡಿ ಎಲೆ ಕತ್ತರಿಸುವ ಕತ್ತರಿ. ಬೆರಳಿಗೆ ಹುಣ್ಣಾಗದಂತೆ ಹಿಡಿಗೆ ಸುತ್ತಿದ ಬಟ್ಟೆ, ಅದರ ಮೇಲೆ ನಾನು ಹೊಲಿಗೆ ಕಲಿಯುವಾಗ ಹಾಕಿದ ಸೊಟ್ಟ ಹೊಲಿಗೆ. ನಮ್ಮ ಯಮುನಕ್ಕನದ್ದೇ. ಬೊಂಬಾಯಿಯಲ್ಲಿ ಬೇರೆ ಕೆಲಸ ಸಿಗದಿದ್ದರೆ ಬೀಡಿಯಾದರೂ ಕಟ್ಟುವ ಎಂದು ಕೊಂಡುಹೋಗಿರಬೇಕು, ಪಾಪ. ನನಗೆ ಅಳು ತಡೆಯಲಿಕ್ಕಾಗಲಿಲ್ಲ. ಸುರಕ್ಷಾ ಹೆದರಿ ನೀರು ತಂದುಕೊಟ್ಟಳು.

ನೀನು ಆಗ ಎರಡನೇ ಕ್ಲಾಸು, ನಿನಗೆ ಯಾರೂ ಹೇಳಲಿಲ್ಲ. ಪೊಲೀಸರು ಆ ಕತ್ತರಿಯನ್ನು ನಮ್ಮ ಮನೆಗೂ ತಂದಿದ್ದರು. ಅಪ್ಪ ಅದನ್ನು ಮುಟ್ಟಿಯೂ ನೋಡದೆ ‘ನಮ್ಮದಲ್ಲ, ನಮ್ಮ ಹುಡುಗಿ ಬೊಂಬಾಯಿಯಲ್ಲಿ ಇದ್ದಾಳೆ’ ಎಂದರು. ನನಗೆ ಸಂಬಂಧ ನೋಡುತ್ತಿದ್ದ ಸಮಯ ಅದು. ಬಾಗಿಲ ಹಿಂದೆ ಅಮ್ಮ ನನ್ನ ಬಾಯಿ ಒತ್ತಿ ಹಿಡಿದಿದ್ದಳು. ಅಪ್ಪನನ್ನು ನಾನು ಬೈಯುವುದಿಲ್ಲ, ಕ್ಷಮಿಸಲಿಕ್ಕೂ ಆಗುವುದಿಲ್ಲ. ಮಳೆಗಾಲದ ಈ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಅವರವರ ಇಷ್ಟದ್ದು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ ಬಡಿಸುತ್ತೇವಲ್ಲ. ಅಜ್ಜ ಅಜ್ಜಿಗೆ ಎಲೆ ಬಿತ್ತು, ಆಮೇಲೆ ಅಪ್ಪ ಅಮ್ಮನಿಗೂ ಬಿತ್ತು, ಅಕ್ಕನಿಗೆ ಮಾತ್ರ ಬೀಳಲಿಲ್ಲ. ಬೊಂಬಾಯಿಯಲ್ಲಿ ಬದುಕಿದ್ದಾಳೆ ಎಂದಮೇಲೆ ಯಾರು ಹಾಕುತ್ತಾರೆ? ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕುಳಿತಾಗಲೆಲ್ಲ, ಒಳಗೆ ಎಲ್ಲರೂ ಉಣ್ಣುತ್ತಿದ್ದಾರೆ, ಅವಳೊಬ್ಬಳು ಅಂಗಳದಲ್ಲಿ ನಿಂತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಪುಟಕ್ಕೆ ಅಕ್ಕನ ಹೆಸರು ಕೊಡುವ ಎಂದು ಫೋನಿನಲ್ಲಿ ಹೇಳಿದರೆ, ಸುರಕ್ಷಾಳಿಗೆ ತೋಡಾರಿನ ಸಂಬಂಧ ಕುದುರಿದೆ, ‘ಈಗ ಅದೆಲ್ಲ ಎಂತಕ್ಕೆ ಅಕ್ಕ’ ಎಂದೆ ನೀನು. ನನಗೆ ಅಪ್ಪನ ಸ್ವರವೇ ಕೇಳಿದ ಹಾಗಾಯಿತು. ಊರಿನ ಬಾಯಿಗೆ ಹೆದರಿ ಒಬ್ಬಳನ್ನು ಹೊರಗೆ ನಿಲ್ಲಿಸಿದ್ದು ಸಾಕು. ಅಷ್ಟಕ್ಕೂ ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ. ನಿನ್ನ ಮಗಳು ಅವಳ ತಾಯಿಯ ಕುಟುಂಬದವಳು, ಅಕ್ಕನ ವಿಷಯ ಅವಳಿಗೆ ಅಂಟುವುದಿಲ್ಲ. ಯಮುನಕ್ಕ ನನ್ನ ಕುಟುಂಬದವಳು, ಅವಳು ನಮ್ಮವಳು ಎಂದು ಹೇಳಬೇಕಾದವಳು ನಾನು. ಆಸ್ತಿ ಪಾಲಾಗುವಾಗ ಮಾತ್ರ ಕಟ್ಟುಕಟ್ಟಳೆ ನೆನಪಾದರೆ ಸಾಲದು. ಆದರೂ ನೀನು ಅವಳ ಸೊಂಟದಲ್ಲಿ ಬೆಳೆದವ. ನಿನ್ನನ್ನು ಕೇಳದೆ ಹೆಸರು ಕೊಡುವುದಿಲ್ಲ ಎಂದು ಫಿದಾಳಿಗೆ ಹೇಳಿದ್ದೇನೆ. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ನಿನ್ನ ಕೈಯಾರೆ ಬರೆದು ಕಳಿಸು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಅಲ್ಲಿಯ ಬಿಸಿಲಿಗೆ ನೀರು ಕುಡಿಯುತ್ತಿರು. ಮನೆಯ ದೈವ ನಿಮ್ಮನ್ನು ಚೆನ್ನಾಗಿ ಇಡಲಿ.

ನಿನ್ನ ಸಣ್ಣಕ್ಕ,
ಕುಸುಮ

ಮತ್ತೆ ಬರೆದದ್ದು, ಬುಧವಾರ: ಫೈಝಲ್ ಬಾಗಿಲಲ್ಲಿ ನಿಂತಿದ್ದಾನೆ, ಅವಸರ. ನಿನ್ನ ಉತ್ತರಕ್ಕೆ ಕಾಯಲು ಆಗಲಿಲ್ಲ. ಈ ಕಾಗದ ಸುರಕ್ಷಾ ಓದಿದಳು. ತೋಡಾರಿನ ಹುಡುಗನ ಮನೆಗೆ ಅವಳೇ ಫೋನ್ ಮಾಡಿ ಎಲ್ಲ ಹೇಳಿದಳು. ‘ಯೋಚನೆ ಮಾಡಿ ಹೇಳ್ತೇವೆ’ ಎಂದಿದ್ದಾರೆ. ‘ಅವರು ಬೇಡ ಹೇಳಿದ್ರೆ ನನಗೂ ಅವರು ಬೇಡ, ನೀವು ಹೆಸರು ಕೊಡಿ ಅತ್ತೆ’ ಎಂದಳು. ಕೊಟ್ಟೆ. ನಿನ್ನೆಯಿಂದ ಆ ಪುಟದಲ್ಲಿ ‘ಯಮುನ, ಬಂಟ್ವಾಳ’ ಎಂದು ಉಂಟು. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು, ಮಗಳ ಮೇಲೆ ಬೇಡ. ಬರುವ ಭಾನುವಾರ ಅಕ್ಕನಿಗೆ ಎಲೆ ಹಾಕುತ್ತೇನೆ. ಆದರೆ ಲತೇಶಾ, ಅವಳಿಗೆ ಉಣ್ಣಲಿಕ್ಕೆ ಏನು ಇಷ್ಟ ಎಂದು ನನಗೆ ನೆನಪೇ ಆಗುವುದಿಲ್ಲ. ಇಷ್ಟು ವರ್ಷ ಅವಳ ಮಾತೇ ಎತ್ತದೆ ಎಲ್ಲ ಮರೆತುಹೋಯಿತು. ನಿನಗೆ ಉಣಿಸುವಾಗ ಅವಳೂ ಅದೇ ಬಟ್ಟಲಿನಲ್ಲಿ ಉಣ್ಣುತ್ತಿದ್ದಳು. ನಿನಗೆ ನೆನಪಿದ್ದರೆ ಶನಿವಾರದ ಒಳಗೆ ಫೋನ್ ಮಾಡಿ ಅದೊಂದು ಹೇಳು.