ರೊಕ್ಕ ಕೊಡುವ ಮುಂಚೆ ಮನೆ ನೋಡಿದ್ದು

ಅನ್ವರಬಿ,

ಈ ಕಥೆ ಮೊದಲು ಹೇಳಿದವಳು ನೀನು, ಹತ್ತು ವರ್ಷದ ಹಿಂದೆ, ತಿಂಥಣಿಯ ಹೊಳೆದಂಡೆಯಲ್ಲಿ. ಮಗಳನ್ನು ಕೊಡುವ ಮುಂಚೆ ಮನೆ ನೋಡಿದ ಸಾಹುಕಾರ ರೊಕ್ಕ ಕೊಡುವಾಗ ನೋಡಲಿಲ್ಲ. ಆ ರೊಕ್ಕದಲ್ಲಿ ಹೊಳೆಯ ಮರಳು ತೋಡಿ ಅವನ ಬಾವಿಯನ್ನೇ ಬತ್ತಿಸಿದರು. ನಾನು ನಕ್ಕು, ಮರಳಿನ ಲಾರಿಯಲ್ಲಿ ಪಾಲು ಹಾಕಿದೆ. ನೀನು ಬಟ್ಟೆ ಒಗೆಯುತ್ತಿದ್ದ ದಂಡೆ ಆ ವರ್ಷವೇ ಕುಸಿಯಿತು. ಸಾಯುವವರೆಗೂ ನೀನು ನನ್ನ ಮನೆಗೆ ಬರಲಿಲ್ಲ.

ಲಾರಿಯ ಆ ಪಾಲನ್ನು ಈಗ ಮಾರಿದ್ದೇನೆ. ನಿನ್ನೆ ನಮ್ಮ ಓಣಿಯ ಹೆಂಗಸರ ಉಳಿತಾಯ ಕೇಳಲು ಏಜೆಂಟನೊಬ್ಬ ಬಂದಿದ್ದ. "ಎರಡು ವರ್ಷಕ್ಕ ಡಬಲ್ ರೀ!" ನಾನು ನಿನ್ನ ಕಥೆ ಹೇಳಿದೆ. ಅವರಲ್ಲೊಬ್ಬಳು ಗೊಲ್ಲಾಳಮ್ಮ ಕೇಳಿದಳು, "ನಮ್ಮ ರೊಕ್ಕ ಹೋಗೋ ಗಂಡಿನ ಮನಿ ಎಲ್ಲದ, ತೋರ್ಸೋ ತಮ್ಮಾ." ಅವನು ಚಹಾ ಬಿಟ್ಟು ಎದ್ದ.

ಇವತ್ತು ಬೆಳಿಗ್ಗೆ ಎಲ್ಲರೂ ಹೆಣ್ಣು ಕೊಡುವ ಮನೆ ನೋಡಲು ಹೊರಟವರಂತೆ ಎಲೆ-ಅಡಿಕೆ ಹಿಡಿದು ಶಹಾಪುರಕ್ಕೆ ಹೋದೆವು. ನಿನ್ನ ಮಗಳು ಸಾಬೇರಾ ಅಲ್ಲಿ ತನ್ನ ಸೋಲಾರ್ ಹಿಟ್ಟಿನ ಗಿರಣಿಗೆ ಪಾಲುದಾರರನ್ನು ಹುಡುಕುತ್ತಿದ್ದಾಳೆ. ಹೆಂಗಸರು ಹಿಟ್ಟು ಮುಟ್ಟಿ ನೋಡಿದರು, ನೆರೆಯವರನ್ನು ವಿಚಾರಿಸಿದರು. "ಮನಿ ಛಲೋ ಅದ, ಕೊಡಬಹುದು" ಅಂದರು.

ನಾನು ಹೊರಗೇ ನಿಂತಿದ್ದೆ. "ಒಳಗ ಬರ್ರಿ, ಖಾಲಾ" ಅಂದಳು ಸಾಬೇರಾ, ನಿನ್ನ ತಂಗಿಯನ್ನು ಕರೆದಂತೆ.